ಸಹಾಯದ ಪುಟಕ್ಕೆ ವೈನಿ ಕೊಟ್ಟ ಉತ್ತರ

ಮೊನ್ನೆ ಹೈದರಾಬಾದಿನ ಬೇಗಂ ಬಜಾರಿನಲ್ಲಿ ಸ್ಟೀಲ್ ಡಬ್ಬಿ ಕೊಳ್ಳಲು ನಿಂತಿದ್ದಾಗ ಪಕ್ಕದಲ್ಲೆಲ್ಲೋ ಅಗಸಿ ಬೀಜ ಹುರಿಯುವ ವಾಸನೆ ಬಂತು. ನನಗೆ ನೆನಪಾದದ್ದು ಅಡುಗೆಮನೆಯಲ್ಲ, ಒಂದು ಕೀಬೋರ್ಡು. ಸನತ್‌ನಗರದ ವಿಡಿಯೊ ಅಂಗಡಿಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ವೈನಿ, ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡು ತಿನ್ನುತ್ತಲೇ ಕೆಲಸ ಮಾಡುತ್ತಿದ್ದರು. ಕೀಬೋರ್ಡಿನ ಸಂದಿಯಲ್ಲೆಲ್ಲ ಆ ಚಟ್ನಿಪುಡಿ ಸೇರಿಕೊಂಡಿರುತ್ತಿತ್ತು. ಮಾಲಕರು ಬೈದರೆ, “ಅದೂ ತಿನ್ಲಿ ಬಿಡ್ರಿ, ದಿನಾ ದುಡೀತೈತಿ” ಎನ್ನುತ್ತಿದ್ದರು.

ವೈನಿ ನನಗೆ ಸಂಬಂಧಿಯೇನಲ್ಲ. ಇಬ್ಬರೂ ಕಲಬುರಗಿ ಕಡೆಯವರು, ವಯಸ್ಸಿನಲ್ಲಿ ಅವರು ದೊಡ್ಡವರು, ಹಾಗಾಗಿ ಮೊದಲ ದಿನವೇ ಅತ್ತಿಗೆಯನ್ನು ಕರೆಯುವಂತೆ ವೈನಿ ಅಂದೆ. ಅವರ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಆದರೂ ಹಣೆಯ ಮೇಲೆ ಕಾಸಗಲದ ಕುಂಕುಮ ಇಟ್ಟುಕೊಂಡೇ ಬರುತ್ತಿದ್ದರು. ಯಾರಾದರೂ ಅದನ್ನು ಎರಡನೇ ಸಲ ನೋಡಿದರೆ “ಏನ್ ಬೇಕಾಗಿತ್ರಿ?” ಎಂದು ನೇರವಾಗಿ ಕೇಳಿಬಿಡುತ್ತಿದ್ದರು. ಕೇಳಿಸಿಕೊಂಡವರು ಮತ್ತೆ ನೋಡುತ್ತಿರಲಿಲ್ಲ.

ಫ್ಯಾಕ್ಟರಿಯವರು, ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಜನ, ಇವರ ಮದುವೆ, ತೊಟ್ಟಿಲು, ಬಸುರಿಯರ ಕುಬುಸದ ವಿಡಿಯೊಗಳನ್ನು ಕತ್ತರಿಸಿ ಜೋಡಿಸಿ ಹಾಡು ಹಾಕಿ ಕೊಡುವುದು ನಮ್ಮ ಕೆಲಸ. ಅದಕ್ಕೆ ಬಳಸುತ್ತಿದ್ದ ಸಾಫ್ಟ್‌ವೇರಿನಲ್ಲಿ ತಿಳಿಯದ್ದೇನಾದರೂ ಬಂದರೆ ನೋಡಲು ಕನ್ನಡದಲ್ಲಿ ಸಹಾಯದ ಪುಟಗಳಿದ್ದವು. ಪ್ರತಿ ಪುಟದ ತಳದಲ್ಲಿ ಒಂದು ಪ್ರಶ್ನೆ: ‘ಈ ಪುಟ ನಿಮಗೆ ಉಪಯುಕ್ತವಾಗಿತ್ತೇ?’ ಅದರ ಕೆಳಗೆ ‘ಹೌದು’, ‘ಇಲ್ಲ’, ಮತ್ತೆ ಅನಿಸಿದ್ದನ್ನು ಬರೆಯಲು ಒಂದು ಖಾಲಿ ಚೌಕ. ಲೋಕದಲ್ಲಿ ಅದನ್ನು ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ? ವೈನಿ ಇಟ್ಟುಕೊಳ್ಳುತ್ತಿದ್ದರು. “ಕೇಳ್ಯಾರಂದ ಮ್ಯಾಲ ಹೇಳಬೇಕಲ್ಲ ತಂಗಿ? ಸುಮ್ನ ಎದ್ದು ಹೋದ್ರ ಏನ್ ತಿಳ್ಕೊಂಡಾರು!”

ಅವರು ಹೇಳುತ್ತಿದ್ದುದು ಹೆಚ್ಚಾಗಿ ‘ಇಲ್ಲ’ ಎಂದೇ. ಮುಗಿದ ವಿಡಿಯೊವನ್ನು ಹೊರತೆಗೆಯುವುದಕ್ಕೆ ಆ ಪುಟದಲ್ಲಿ ‘ರಫ್ತು ಮಾಡಿ’ ಎಂದು ಬರೆದಿದ್ದರು. ವೈನಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಚೌಕದಲ್ಲಿ ಬರೆದರು: ‘ಮದಿವಿ ವಿಡಿಯೊ ಯಾವ ದೇಶಕ್ಕ ರಫ್ತು ಮಾಡಬೇಕ್ರಿ? ನಾವೇನು ಉಳ್ಳಾಗಡ್ಡಿ ವ್ಯಾಪಾರದವರೇನು?’ ನಾನು ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ. ಪರದೆಯ ಮೇಲೆ ‘ನಿಮ್ಮ ಪ್ರತಿಕ್ರಿಯೆಗೆ ಧನ್ಯವಾದಗಳು’ ಎಂದು ಬಂದಾಗ ಅವರ ಮುಖ ಇನ್ನಷ್ಟು ಕೆಂಪಾಯಿತು. ಧನ್ಯವಾದ ಯಾರಿಗೆ ಬೇಕಾಗಿತ್ತು, ಅವರಿಗೆ ಬೇಕಾಗಿದ್ದದ್ದು ಉತ್ತರ. ಉತ್ತರ ಬರುವುದಿಲ್ಲ, ಅದನ್ನು ಓದುವವರೇ ಇಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ಅವರು ಬರೆಯುವುದನ್ನು ಬಿಡಲಿಲ್ಲ...

ಆಮೇಲೆ ಆ ಸಾಫ್ಟ್‌ವೇರಿಗೆ ಹೊಸ ಸೌಲಭ್ಯವೊಂದು ಬಂತು. ವಿಡಿಯೊದಲ್ಲಿ ನಿಂತ ಮನುಷ್ಯರ ಸುತ್ತ ಗೆರೆ ಎಳೆದರೆ ಸಾಕು, ಅವರು ಮಾಯ. ಹಿಂದಿನ ಗೋಡೆ, ಪರದೆ, ಹೂವು ತಾವಾಗಿಯೇ ಅಲ್ಲಿ ತುಂಬಿಕೊಳ್ಳುತ್ತವೆ. ಅದರ ಸಹಾಯದ ಪುಟದ ತಲೆಬರಹ ‘ವಿಡಿಯೊದಿಂದ ವ್ಯಕ್ತಿಯನ್ನು ಅಳಿಸಿ’. ವೈನಿ ಅದನ್ನು ಓದಿ, “ಯವ್ವಾ, ಯಾಕ ಅಳಸಬೇಕು? ಅವರೇನು ಮಾಡ್ಯಾರ?” ಎಂದರು. ಚೇಷ್ಟೆ ಎಂದುಕೊಂಡೆ. ಅಲ್ಲ, ನಿಜವಾಗಿಯೂ ಅವರಿಗೆ ಆ ಮಾತಿಗೆ ಕಣ್ಣೀರು ಹಾಕಿಸುವುದೆಂದೇ ಅರ್ಥ.

ಅದೇ ದಿನಗಳಲ್ಲಿ ಒಬ್ಬ ತಾಯಿ ಮಗಳ ಮದುವೆಯ ವಿಡಿಯೊ ಮಾಡಲು ಕೊಟ್ಟು ಹೋಗಿದ್ದರು. ಅದರಲ್ಲಿ ಮದುಮಗಳು ಹಿಂದೆ ಗೋಡೆಗೆ ಆತು ನಿಂತಿದ್ದ ತನ್ನ ಸೋದರತ್ತೆಯನ್ನು ಕೈ ಹಿಡಿದು ಎಳೆದು ತಂದು, ಅವಳ ಕೈಗೆ ಆರತಿ ತಟ್ಟೆ ಕೊಡುತ್ತಾಳೆ. ಆ ಅತ್ತೆ ಅತ್ತಿತ್ತ ನೋಡಿ, ತಟ್ಟೆ ಹಿಡಿದು ಬೆಳಗುತ್ತಾಳೆ. ಬರಿ ಹಣೆ, ಬರಿ ಕೈ. ಆ ಭಾಗವನ್ನು ವೈನಿ ಮೂರ್ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡಿದ್ದರು. ಆದರೆ ತಾಯಿ ಮರುದಿನ ಬಂದು, ಆ ವಿಧವೆ ಹೆಂಗಸನ್ನು ತೆಗೆದುಬಿಡಿ, ಬೀಗರು ನೋಡುತ್ತಾರೆ ಎಂದರು. ಆರತಿ ಮಾತ್ರ ಇರಬೇಕಂತೆ.

ವೈನಿ ಮೌಸಿನಿಂದ ಕೈ ತೆಗೆದು ಹಿಂದಕ್ಕೆ ಒರಗಿ ಕೂತರು. “ನಾ ಒಲ್ಲೆ.”

ಗಿರಾಕಿ ಹೇಳಿದ ಮೇಲೆ ಮಾಡಲೇಬೇಕೆಂಬುದು ಮಾಲಕರ ಧರ್ಮ. “ಕಸ್ಟಮರ್ ಬೋಲೇ ತೋ ಕರ್ನಾಚ್ ಪಡ್ತಾ ಅಮ್ಮಾ” ಎಂದರು ತಮ್ಮ ಹೈದರಾಬಾದಿ ಹಿಂದಿಯಲ್ಲಿ. ವೈನಿ ಅಲುಗಲಿಲ್ಲ. ಮಾಲಕರು ನನ್ನ ಕಡೆ ತಿರುಗಿದರು. ನನಗೂ ಆಗದೆಂದೆ. ಹಾಗೆ ಹೇಳುವ ಧೈರ್ಯ ನನ್ನದಲ್ಲ, ಪಕ್ಕದ ಕುರ್ಚಿಯದು. ಕೊನೆಗೆ ಮಾಲಕರೇ ಕನ್ನಡಕ ಏರಿಸಿಕೊಂಡು, ಸಹಾಯದ ಪುಟ ತೆರೆದು, ಆ ತಾಯಿಯಿಂದಲೇ ಒಂದೊಂದೇ ಹೆಜ್ಜೆ ಓದಿಸಿಕೊಳ್ಳುತ್ತ ಆ ಅತ್ತೆಯ ಸುತ್ತ ಗೆರೆ ಎಳೆದರು.

ಅತ್ತೆ ಹೋದಳು. ತಟ್ಟೆ ಉಳಿಯಿತು. ಮದುಮಕ್ಕಳ ಮುಂದೆ ಆರತಿ ತಟ್ಟೆಯೊಂದು ಗಾಳಿಯಲ್ಲಿ ತಾನೇ ತಾನಾಗಿ ಸುತ್ತುತ್ತಿತ್ತು. ದೀಪ ಉರಿಯುತ್ತಿತ್ತು. ಮದುಮಗಳು ಕಣ್ತುಂಬ ನಗುತ್ತ ಯಾರೂ ಇಲ್ಲದ ಜಾಗವನ್ನು ನೋಡುತ್ತಿದ್ದಳು.

ಪಕ್ಕದಲ್ಲಿ ನಿಂತಿದ್ದ ತಾಯಿ ಬಾಯಿಗೆ ಸೆರಗು ಹಿಡಿದರು. ಆಗ ವೈನಿ ಎದ್ದರು. “ಆರತಿ ಬೇಕಂದ್ರ ಕೈನೂ ಬೇಕಾಗ್ತೈತ್ರಿ ಅಕ್ಕಾರ. ನಿಮ್ಮ ಮಗಳು ಕರದಾಳ, ಅಕಿ ಬಂದಾಳ. ನಡುವ ನೀವ್ಯಾರು ಒರಸಾಕ?” ಅಂಗಡಿಯ ಹೊರಗಿನ ಚಹಾದ ಬಂಡಿಯವರಿಗೂ ಕೇಳಿಸುವಷ್ಟು ಜೋರಾಗಿತ್ತು ಆ ದನಿ. ಆ ತಾಯಿ ಯಾರ ಮುಖವನ್ನೂ ನೋಡಲಿಲ್ಲ. “ಮದ್ಲ ಹೆಂಗಿತ್ತೋ ಹಂಗ ಕೊಡ್ರಿ” ಎಂದು ಹೇಳಿ ಹೊರಗೆ ಹೋದರು.

ಅತ್ತೆ ವಿಡಿಯೊದಲ್ಲಿ ಉಳಿದಳು. ವೈನಿಯ ಕೆಲಸ ಉಳಿಯಲಿಲ್ಲ. ಗಿರಾಕಿಯ ಮೇಲೆ ಬಾಯಿ ಮಾಡಿದವರು ನಾಳೆಯಿಂದ ಬರುವುದು ಬೇಡ ಎಂದರು ಮಾಲಕರು. ವೈನಿ ರೊಟ್ಟಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ಆದರೆ ಹೊರಡಲಿಲ್ಲ, ಮತ್ತೆ ಕುರ್ಚಿ ಎಳೆದು ಕೂತು, ಆ ಪುಟದ ತಳಕ್ಕೆ ಹೋಗಿ ‘ಇಲ್ಲ’ ಒತ್ತಿದರು. ಮಾಲಕರು ನಿಂತೇ ಇದ್ದರು, ಕಾಯಬೇಕಾಯಿತು. ಬರೆದದ್ದನ್ನು ವೈನಿ ದೊಡ್ಡ ದನಿಯಲ್ಲಿ ಓದಿಯೇ ಕಳಿಸಿದರು:

‘ನಮ್ಮ ಕಡೆ ಹಲಗಿ ಮ್ಯಾಲಿನ ಅಕ್ಷರಾ ಒರಸತೀವಿ, ಮನಶ್ಯಾರನ್ನ ಅಳಸತೀವಿ. ನೀವು ಖರೇ ಮಾತ ಬರದೀರಿ, ನಿಮಗ ಗೊತ್ತಿಲ್ಲ ಅಷ್ಟ. ಇವತ್ತ ಒಬ್ಬ ಹೆಣ್ಮಗಳನ್ನ ಅಳಸಂತ ಹೇಳಿದ್ರು, ನಾ ಒಲ್ಲೆ ಅಂದೀನಿ. ಹಂಗ ಒಲ್ಲೆ ಅನ್ನಾಕ ಯಾವ ಬಟನ್ ಒತ್ತಬೇಕು, ಅದನ್ನೂ ಪುಟದಾಗ ಬರೀರಿ.’

ಪರದೆ ಎಂದಿನಂತೆ ಧನ್ಯವಾದ ಹೇಳಿತು. ವೈನಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು...

ಆಮೇಲೆ ಅವರು ಹೊಲಿಗೆ ಮಾಡಿದರು, ಹಪ್ಪಳ ಮಾಡಿ ಮಾರಿದರು. ನಾನು ಮಿಯಾಪುರದಲ್ಲಿ ಸ್ವಂತದ್ದೊಂದು ಪುಟ್ಟ ಅಂಗಡಿ ಹಾಕಿದಾಗ ಬಂದು, ಕುಂಕುಮದ ಹಣೆಯಲ್ಲೇ ಮೊದಲ ದೀಪ ಹಚ್ಚಿದರು. ಹೋದ ವರ್ಷ ತೀರಿಕೊಂಡರು. ಊರಿಗೆ ಒಯ್ದ ಮೇಲೆ ನನಗೆ ಸುದ್ದಿ ತಿಳಿಯಿತು. ಮುಖ ನೋಡಲಾಗಲಿಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಸಹಾಯದ ಪುಟದ ತಲೆಬರಹ ಈಗಲೂ ಹಾಗೇ ಇದೆ. ರಫ್ತು ಕೂಡ ಹಾಗೇ ಇದೆ. ನಾನು ‘ಇಲ್ಲ’ ಒತ್ತಿ ಬರೆಯುತ್ತಲೇ ಇದ್ದೇನೆ. ಓದದಿದ್ದರೆ ಅದು ಆ ಕಂಪನಿಯವರ ಹಣೆಬರಹ. ಅಂಗಡಿಗೆ ಜನ ಬಂದು ಅವರನ್ನು ತೆಗೆಯಿರಿ, ಇವರನ್ನು ತೆಗೆಯಿರಿ ಎನ್ನುತ್ತಾರೆ: ಬೇರೆ ಜಾತಿಯವನನ್ನು ಮದುವೆಯಾದ ಅಕ್ಕ, ಜಗಳವಾಡಿದ ತಮ್ಮ, ಬಿಟ್ಟುಹೋದ ಸೊಸೆ. ನಾನು ಒಲ್ಲೆ ಎನ್ನುತ್ತೇನೆ. ಕೆಲವರು ಎದ್ದು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ.

ವೈನಿಯ ಅಣ್ಣನ ಮಗ ಆಗಾಗ ಫೋನ್ ಮಾಡುತ್ತಾನೆ. “ನಮ್ಮ ಅತ್ಯಾಂದು ಒಂದರೆ ವಿಡಿಯೊ ಸಿಕ್ಕತೇನ್ರಿ?” ಹಳೆಯ ಹಾರ್ಡ್ ಡಿಸ್ಕುಗಳನ್ನೆಲ್ಲ ಜಾಲಾಡಿದ್ದೇನೆ. ಎಷ್ಟೋ ಮನೆಗಳ ಮದುವೆ, ತೊಟ್ಟಿಲು, ಯಾರ ಯಾರದೋ ನಗು ಸಿಗುತ್ತದೆ. ಅವನ್ನೆಲ್ಲ ಜೋಡಿಸಿದ ವೈನಿ ಮಾತ್ರ ಯಾವಾಗಲೂ ಪರದೆಯ ಈಚೆ ಕೂತಿದ್ದವರು. ಆ ದೀಪ ಹಚ್ಚಿದ ದಿನವೂ ನಾನು ಕ್ಯಾಮೆರಾ ತೆಗೆಯಲಿಲ್ಲ, ನೋಡುತ್ತ ನಿಂತುಬಿಟ್ಟೆ. ಅವನಿಗೆ ಸಿಗಲಿಲ್ಲಪ್ಪ ಎಂದು ಹೇಳಿ ಫೋನ್ ಇಡುತ್ತೇನೆ. ಯಾರನ್ನೂ ಅಳಿಸಲೊಲ್ಲದ ವೈನಿ ನನ್ನೊಬ್ಬಳನ್ನು ಮಾತ್ರ ಅಳಿಸುತ್ತಲೇ ಇದ್ದಾರೆ.