ಹಾಲಿನ ಅಕ್ಕನ ಹಲ್ಲು

ಇವತ್ತು ಬೆಳಿಗ್ಗೆ ಪಕ್ಕದ ಮನೆಯಲ್ಲಿ ನಾಗರ ಪಂಚಮಿಯ ಶೇಂಗಾ ಉಂಡಿಗೆ ಬೆಲ್ಲದ ಪಾಕ ಇಟ್ಟಿದ್ದರು. ಆ ವಾಸನೆಗೆ ಬಾಯಲ್ಲಿ ನೀರೂರಬೇಕು. ನನಗೆ ಮಾತ್ರ ಹಾಲಿನ ಅಕ್ಕ ನೆನಪಾದಳು...

ಸಿಂದಗಿಯ ನನ್ನ ಹಲ್ಲಿನ ದವಾಖಾನೆಗೆ ದಿನಾ ಹಾಲು ಕೊಡುತ್ತಿದ್ದವಳು. ಗಂಡ ಗುದ್ದಿದ ಏಟಿಗೆ ಅವಳ ಮುಂದಿನ ಹಲ್ಲು ಅರ್ಧ ಮುರಿದಿತ್ತು, ಉಳಿದರ್ಧ ಸತ್ತು ಕಪ್ಪಗಾಗಿತ್ತು. ಕೇಳಿದವರಿಗೆಲ್ಲ ಬಚ್ಚಲಲ್ಲಿ ಜಾರಿ ಬಿದ್ದೆ ಎನ್ನುತ್ತಿದ್ದಳು. ಪಂಚಮಿಗೆ ತವರಿಗೆ ಕರೆದೊಯ್ಯಲು ತಾಂಬಾ ಊರಿನಿಂದ ಅಣ್ಣಂದಿರು ಬರುವವರಿದ್ದರು. ಅವರ ಕಣ್ಣಿಗೆ ಬೀಳಬಾರದೆಂದು ಗಂಡನೇ ಅವಳನ್ನು ನನ್ನಲ್ಲಿಗೆ ಎಳೆದು ತಂದ.

ಬೇರಿನ ಚಿಕಿತ್ಸೆ ಮುಗಿಸಿ, ಬ್ಲೀಚಿಂಗ್ ಔಷಧಿ ಹಾಕಿ ಹಲ್ಲನ್ನು ಬೆಳ್ಳಗೆ ಮಾಡಿದೆ. ಮುರಿದ ಭಾಗ ಕಟ್ಟಲು ಮಾತ್ರ ಎರಡು ವಾರ ಕಾಯಬೇಕೆಂದೆ. ಆ ಔಷಧಿಯ ಆಮ್ಲಜನಕ ಹಲ್ಲಿನೊಳಗೆ ಉಳಿದಿರುತ್ತದೆ. ಅದು ಹೋಗುವ ತನಕ ಫಿಲ್ಲಿಂಗ್ ಗಟ್ಟಿಯಾಗಿ ಹಿಡಿಯುವುದಿಲ್ಲ.

ಅವನು ನನ್ನ ಟ್ರೇ ಒದ್ದ. "ನಾಳಿ ಮಂದಿ ಬರ್ತಾರ. ಇವತ್ತ ಹಚ್ರಿ, ಇಲ್ಲಂದ್ರ ಈಕೀದು ಉಳಿದ ಹಲ್ಲೂ ಉದರಸ್ತೇನಿ!"

ಅವನ ಕಾಲು ಮುರಿಯಬೇಕೆನಿಸಿತು. ಹೊರಗೆ ದಬ್ಬಿ ಬಾಗಿಲು ಹಾಕಿದೆ. ಅಕ್ಕ ಮೆಲ್ಲಗೆ ಕೇಳಿದಳು, "ಇವತ್ತ ಹಚ್ಚಿದ್ರ ಕಿತ್ತ ಬರೂದು ಖರೇ ಏನ್ರಿ ಡಾಕ್ಟ್ರ?"

"ಗಟ್ಟಿ ಏನರ ಕಡದ್ರ ಬರ್ತೈತಿ ಅಕ್ಕಾ."

"ಹಂಗಾದ್ರ ಹಚ್ರಿ."

ಅವಳು ಹೇಳಿದಂತೆ ಅಂದೇ ಕಟ್ಟಿಕೊಟ್ಟೆ. ಮುಂದಿನದನ್ನು ಅವಳ ಹಿರಿಯಣ್ಣನೇ ಬಂದು ಹೇಳಿದ. ತವರಿನಿಂದ ತಂದ ಉಂಡಿಯನ್ನು ಅಣ್ಣಂದಿರ ಮುಂದೆಯೇ ಆ ಹಲ್ಲಿನಿಂದ ಕಚ್ಚಿದಳಂತೆ. ತುಂಡು ಕಳಚಿ ಅಂಗೈಗೆ ಬಿತ್ತು. "ನಾ ಜಾರಿ ಬಿದ್ದಿಲ್ಲಣ್ಣಾ, ಇಂವ ಗುದ್ಯಾನ" ಎಂದಳಂತೆ. ಅಣ್ಣಂದಿರು ಅವನನ್ನು ಅಂಗಳಕ್ಕೆ ಎಳೆದು, ಬಾಯಿಂದ ರಕ್ತ ಸುರಿಯುವ ಹಾಗೆ ಬಡಿದು, ತಂಗಿಯನ್ನು ಕರೆದುಕೊಂಡು ಹೋದರು. ಕೇಳಿ ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ದೀಪಾವಳಿ ಹೊತ್ತಿಗೆ ಹಿರಿಯರು ಕೂಡಿ ರಾಜಿ ಮಾಡಿಸಿ ಅವಳನ್ನು ತಿರುಗಿ ಗಂಡನ ಮನೆಗೆ ಕಳಿಸಿದರು. ಎರಡು ವಾರ ಎಂದೋ ಮುಗಿದಿತ್ತು, ಇನ್ನು ಗಟ್ಟಿಯಾಗಿ ಕಟ್ಟಿಕೊಡಬಹುದೆಂದು ಕಾದೆ... ಬಂದದ್ದು ಅವಳ ಸಾವಿನ ಸುದ್ದಿ. ಬಾವಿಯಲ್ಲಿ ಜಾರಿ ಬಿದ್ದಳು ಎಂದನಂತೆ ಗಂಡ.

ಪಕ್ಕದ ಮನೆಯವರು ಕೊಟ್ಟ ಉಂಡಿ ನನ್ನ ಮುಂದಿದೆ. ಕಚ್ಚಲು ಮನಸ್ಸಾಗುತ್ತಿಲ್ಲ. ಹಲ್ಲು ಬೀಳಿಸಿಕೊಂಡು ಅವಳು ನಿಜ ತೋರಿಸಿದ್ದಳು, ಎಲ್ಲರೂ ನೋಡಿದ್ದರು. ಆದರೂ ಎರಡನೆಯ ಸಲ ಜಾರಿ ಬಿದ್ದಳೆಂದಾಗ ಎಲ್ಲರೂ ಒಪ್ಪಿಕೊಂಡರು.