ಕಾಲು ಸುಟ್ಟ ಬೆಕ್ಕು ಕೂತ ದಿನ

ಸಂಜೆ ಹೊತ್ತು ಅಟ್ಟೂರಿಗೆ ಬಂದು ರಾಧಾಮಣಿಯ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಗೇಟಿಗೂ ಹೊಸಿಲಿಗೂ ನಡುವೆ ಒಬ್ಬ ಹೆಂಗಸು ಶತಪಥ ಹಾಕುತ್ತಿದ್ದರೆ ಅದೇ ಮನೆ. ಗಂಡ ಶಿವರಾಮ್ ಯಲಹಂಕದಲ್ಲಿದ್ದ ತನ್ನ ಮೋಟರ್ ವೈಂಡಿಂಗ್ ಅಂಗಡಿಯಿಂದ ಬರುವುದು ಸ್ವಲ್ಪ ತಡವಾದರೂ ಸಾಕು, ಕಟ್ಟುತ್ತಿದ್ದ ಸೀರೆ ಕುಚ್ಚನ್ನು ಅರ್ಧಕ್ಕೇ ಬಿಟ್ಟು ಎದ್ದುಬಿಡುವಳು.

“ಎದ್ಲಪ್ಪ, ಕಾಲು ಸುಟ್ಟ ಬೆಕ್ಕು!” ಎಂದು ಅತ್ತೆ ಗೋಪಾಲಮ್ಮ ಜಗಲಿಯಿಂದಲೇ ಶುರುಮಾಡುವರು. “ನೀನ್ ಇಂಗ್ ಓಡಾಡಿದ್ರೆ ನನ್ ಮಗ ರೆಕ್ಕೆ ಕಟ್ಕೊಂಡ್ ಬತ್ತಾನೇನೇ?”

ಶಿವರಾಮ್ ಅವಳಿಗೆ ಇಟ್ಟ ಹೆಸರು ಗುಬ್ಬಿ ಎದೆ. ಫೋನು ಬಡಿದುಕೊಂಡರೂ ಹೆಂಡತಿಯ ಎದೆ ಡವಡವ ಎನ್ನುತ್ತದೆಂದು ಅವನ ತಮಾಷೆ. ಮಗಳು ರಕ್ಷಾಗೆ ಅಮ್ಮ ಬೋನಿಗೆ ಬಿದ್ದ ಇಲಿ. ಪಕ್ಕದ ಮನೆಯ ಸಬೀರಾ ಕೂಡ, “ಏನ್ ರಾಧಕ್ಕ, ನೀರಿಂದ ತೆಗ್ದ ಮೀನ್ ಥರ ಒದ್ದಾಡ್ತೀರಲ್ಲ” ಎನ್ನುವಳು. ಒಬ್ಬ ಹೆಂಗಸಿಗೆ ಒಂದು ಮೃಗಾಲಯ! ಹೇಳಿ ನಗುವುದಕ್ಕೆ ಚೆಂದ. ಆದರೆ ಆ ಬೆಕ್ಕಿನ ಕಾಲು ಸುಟ್ಟಿದ್ದು ಎಲ್ಲಿ, ಹೇಗೆ ಎಂದು ಈ ಜನ ಒಂದು ದಿನವಾದರೂ ಕೇಳಬೇಡವೆ?

ಕೇಳಿದ್ದರೆ ಹೇಳುತ್ತಿದ್ದಳು. ಚಿಕ್ಕಬಾಣಾವರದ ತವರಿನಲ್ಲಿ ಅವಳಿನ್ನೂ ಲಂಗ ಉಡುವ ಹುಡುಗಿ. ಕೆಲಸ ಮುಗಿಸಿ ರೈಲು ಹಳಿ ದಾಟಿ ಬರಬೇಕಾಗಿದ್ದ ಅಪ್ಪ ಮುನಿರಾಮಯ್ಯ ಒಂದು ಸಂಜೆ ಬರಲಿಲ್ಲ. ಹುಡುಗಿ ಹೊಸಿಲ ಮೇಲೆ ಆರಾಮಾಗಿ ಕೂತು ಕಾಯುತ್ತಿದ್ದಳು. ನಾಲ್ಕು ಜನ ಅಪ್ಪನನ್ನು ಹೊತ್ತು ತಂದಾಗಲೂ ಕೂತೇ ಇದ್ದಳು. ಅಂದಿನಿಂದ ಯಾರನ್ನಾದರೂ ಕೂತು ಕಾಯುವುದು ಅವಳ ಕೈಲಾಗದು. ಓಡಾಡುತ್ತಿದ್ದರೆ ಮನೆಯವರು ಬಂದೇ ಬರುತ್ತಾರೆಂದು ನಂಬಿದ್ದಳು, ಪಾಪ, ಇಷ್ಟು ವರ್ಷ ಅವರು ಬರುತ್ತಲೂ ಇದ್ದರು.

ರಕ್ಷಾಳನ್ನು ಮೊದಲ ಸಲ ನೋಡಲು ಬಂದ ಗಂಡಿನ ಕಡೆಯವರ ಮುಂದೆಯೂ ಅವಳಿಂದ ಕೂರಲಾಗಲಿಲ್ಲ. ಅಡುಗೆಮನೆಗೆ, ಗೇಟಿಗೆ, ಮತ್ತೆ ಅಡುಗೆಮನೆಗೆ. ತಾಯಿ ಹೀಗೆ ಗಾಬರಿಯಾಗಿದ್ದಾರೆಂದರೆ ಇವರು ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡು ಆ ಜನ ಬೇಡವೆಂದರು. ರಕ್ಷಾ ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟಳು.

ಆಮೇಲೆ ಟಿ. ದಾಸರಹಳ್ಳಿಯ ಸಂಬಂಧ ಕೂಡಿಬಂತು. ಹುಡುಗ ಅಶ್ವತ್ಥ್ ರಕ್ಷಾಳಿಗೆ ಮನಸಾರೆ ಒಪ್ಪಿಗೆಯಾಗಿದ್ದ. ಮನೆಯ ಮುಂದೆ ಶಾಮಿಯಾನ ಹಾಕಿಸಿ ತಾಂಬೂಲ ಬದಲಾಯಿಸುವ ದಿನ ಗೊತ್ತಾಯಿತು. ಅವತ್ತು ಬೆಳಗ್ಗೆ ಶಿವರಾಮ್ ಹೆಂಡತಿಯನ್ನು ದೇವರ ಕೋಣೆಗೆ ಕರೆದು, ಅವಳ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡ.

“ತಟ್ಟೆ ಬದಲಾಯ್ಸೋವರ್ಗೂ ನೀನು ಚಾಪೆ ಬಿಟ್ಟು ಏಳ್ಬಾರ್ದು. ನನ್ನಾಣೆ.”

“ಅಯ್ಯೋ, ಬಿಡ್ತು ಅನ್ರೀ!”

“ಎದ್ರೆ ನನ್ಗೇ ಏನಾದ್ರೂ ಆಗುತ್ತೆ ಅಂದ್ಕೋ. ಆಗ್ಲಾದ್ರೂ ಕೂತಿರ್ತೀಯ” ಎಂದು ನಕ್ಕ. ಆಣೆಯೆಂದರೆ ಅವನಿಗೆ ಹುಡುಗಾಟ. ಅವಳಿಗೆ ಹಾಗಲ್ಲ.

ಕೂತಳು. ಗಂಡನ ಪಕ್ಕದಲ್ಲಿ, ಬೀಗರ ಎದುರಿಗೆ, ಸೆರಗಿನ ಕುಚ್ಚನ್ನು ಬೆರಳಿಗೆ ಸುತ್ತಿಕೊಂಡು ಕೂತಳು. ಪುರೋಹಿತರು ಲಗ್ನಪತ್ರಿಕೆ ಓದತೊಡಗಿದರು. ಆಗ ಶಿವರಾಮ್ ಎಡಭುಜ ಒತ್ತಿಕೊಳ್ಳುವುದನ್ನು ನೋಡಿದಳು. ಹಣೆಯಿಂದ ಬೆವರು ಇಳಿಯುತ್ತಿತ್ತು, ತುಟಿ ಬಿಳಿಚಿತ್ತು.

“ರೀ, ಏನಾಗ್ತಿದೆ?”

“ಸೆಕೆ ಕಣೇ. ಆಣೆ ನೆನ್ಪಿದ್ಯಲ್ಲ?”

ಅವಳು ಹಿಂದಕ್ಕೆ ವಾಲಿ ಪಿಸುಗುಟ್ಟಿದಳು: “ಅತ್ತೆ, ಇವ್ರನ್ನ ಸ್ವಲ್ಪ ನೋಡಿ, ಯಾಕೋ ಸರಿ ಕಾಣ್ತಿಲ್ಲ.”

“ಶುರುವಾಯ್ತಾ ನಿಂದು? ಬೀಗ್ರು ನೋಡ್ತಾವ್ರೆ, ಸುಮ್ಕಿರೇ!” ಎಂದು ಗೋಪಾಲಮ್ಮ ಬೆನ್ನಿಗೆ ತಿವಿದರು. ಎದುರಿಗೆ ನಿಂತಿದ್ದ ಸಬೀರಾ, ಸುಮ್ನೆ ಕೂತ್ಕೊಳ್ಳಿ ಎಂದು ಕಣ್ಣಲ್ಲೇ ಸನ್ನೆ ಮಾಡಿ ನಕ್ಕಳು. ರಕ್ಷಾ ಕೈಮುಗಿಯುವವಳ ಹಾಗೆ ಅಮ್ಮನನ್ನು ನೋಡುತ್ತಿದ್ದಳು.

ರಾಧಾಮಣಿಯ ಕಾಲು ಚಾಪೆಯ ಮೇಲೆ ತಾನಾಗಿಯೇ ಎರಡು ಸಲ ಏಳಲು ಹೊರಟಿತು. ಎರಡು ಸಲವೂ ಅದುಮಿಟ್ಟಳು. ಎದ್ದರೆ ಆಣೆ ಮುರಿಯುತ್ತದೆ, ಮುರಿದರೆ ತಟ್ಟುವುದು ಅವನಿಗೇ. ಮುಖದಲ್ಲಿ ನಗು ಇಟ್ಟುಕೊಂಡಳು. “ತುಂಬಾ ಗಂಭೀರವಾದ ಹೆಣ್ಮಗಳು” ಎಂದು ಬೀಗಿತ್ತಿ ಪಕ್ಕದವರಿಗೆ ಹೇಳಿದ್ದು ಅವಳ ಕಿವಿಗೂ ಬಿತ್ತು. ತಟ್ಟೆಗಳು ಬದಲಾದವು. ಅದರ ಬೆನ್ನಿಗೇ ಶಿವರಾಮ್ ಕೂತಲ್ಲಿಂದಲೇ ಎಲೆ ಅಡಿಕೆಯ ಮೇಲೆ ಕುಸಿದು ಬಿದ್ದ.

ಆಸ್ಪತ್ರೆಯಲ್ಲಿ, ನೋವು ಶುರುವಾದ ಕೂಡಲೇ ಕರೆತಂದಿದ್ದರೆ ಉಳಿಯುತ್ತಿದ್ದರೇನೋ ಎಂದರು ಡಾಕ್ಟರು. ಎಂಥ ಮಾತು! ಹೇಳಿದವರು ಹೇಳಿ ಹೋದರು, ಹೊತ್ತುಕೊಂಡು ಬದುಕಬೇಕಾದವಳು ಇವಳು. ಅಪಶಕುನವೆಂದು ದಾಸರಹಳ್ಳಿಯವರು ಸಂಬಂಧ ಮುರಿದರು. ಯಲಹಂಕದ ಅಂಗಡಿಯ ಬಾಗಿಲು ಮತ್ತೆ ತೆರೆಯಲಿಲ್ಲ.

ಈಗ ರಾಧಾಮಣಿ ಓಡಾಡುವುದಿಲ್ಲ. ಕೆಲಸದಿಂದ ರಕ್ಷಾ ಬರುವುದು ಎಷ್ಟೇ ತಡವಾಗಲಿ, ಗೋಡೆಗೊರಗಿ ಕೂತು ಯಾರದೋ ಮದುವೆ ಸೀರೆಗೆ ಕುಚ್ಚು ಕಟ್ಟುತ್ತಿರುತ್ತಾಳೆ. ಗೇಟಿಗೂ ಹೊಸಿಲಿಗೂ ಅಲೆಯುವವರು ಈಗ ಗೋಪಾಲಮ್ಮ. ಮೊನ್ನೆ ಸಂಜೆಯೂ ಅಲೆದು ಅಲೆದು ಸುಸ್ತಾಗಿ, ಸೊಸೆಯ ಮುಂದೆ ಬಂದು ನಿಂತರು.

“ಮಗು ಇನ್ನೂ ಬಂದಿಲ್ಲ, ಒಂದ್ ಗಳಿಗೆ ಎದ್ ನೋಡ್ಬಾರ್ದೇನೇ?” ಎಂದರು. ಆಮೇಲೆ ಇಷ್ಟು ದಿನ ಹಿಡಿದಿಟ್ಟಿದ್ದ ಮಾತು ಅಳುವಿನ ಜೊತೆ ಹೊರಗೆ ಬಂತು. “ಹುಟ್ದಾಗ್ನಿಂದ ಓಡಾಡ್ದೋಳು, ಅವತ್ತೊಂದಿನ ಯಾಕೇ ಕಲ್ಲಾಗಿ ಕೂತ್ಕಂಡೆ?”

ರಾಧಾಮಣಿ ಸೂಜಿ ಕೆಳಗಿಟ್ಟಳು.

“ಆಣೆ ಇಟ್ಟಿದ್ರು ಅತ್ತೆ. ನಾನು ಎದ್ರೆ ಅವ್ರಿಗೆ ಏನಾದ್ರೂ ಆಗುತ್ತೆ ಅಂದಿದ್ರು.”