ಸಾರಿನ ರುಚಿ ಬಲ್ಲ ದರ್ಜಿ

“ಇವತ್ತು ಉಪ್ಪು ಒಂಚೂರು ಕಮ್ಮಿಯಾಗಿತ್ತಾ ಸ್ವಾಮಿ?”

ಊಟ ಮುಗಿಸಿ ಆಚೆ ಬಂದವನು ಬೆರಗಾಗಿ ನಿಂತೆ. ಸಾರಿಗೆ ನಿಜಕ್ಕೂ ಉಪ್ಪು ಸಾಲದಾಗಿತ್ತು. ಕೇಳಿದವರು ಎದುರು ಜಗಲಿಯಲ್ಲಿ ಕೂತು, ನಾಟಕದ ರಾಜನ ಅಂಗಿಗೆ ಜರಿ ಹೊಲಿಯುತ್ತಿದ್ದ ವಯಸ್ಸಾದ ದರ್ಜಿ ಸಾಬರು.

ಐವತ್ತರ ದಶಕದ ಮಾತು. ಚಾಮರಾಜನಗರದಲ್ಲಿ ನಾಟಕ ಕಂಪನಿಯೊಂದು ಬೀಡುಬಿಟ್ಟಿತ್ತು. ಟೆಂಟಿನ ಹಿಂದಿನ ಓಣಿಯ ತುಂಬ ನಟರು, ಹಾರ್ಮೋನಿಯಂನವರು, ಪರದೆ ಬರೆಯುವವರು. ಆಟ ನೋಡಲು ಉಮ್ಮತ್ತೂರಿನಿಂದ ಬಂದ ನಾನು, ಎಲ್ಲಿ ಉಣ್ಣಲಿ ಎಂದು ಆ ಸಾಬರನ್ನೇ ಕೇಳಿದ್ದೆ. “ದೋಸೆಗಾದ್ರೆ ಮೂಲೆ ಹೋಟ್ಲು, ಕಾಫಿ ಮಾತ್ರ ಅಲ್ಲಿ ಕುಡೀಬ್ಯಾಡಿ. ಮುದ್ದೆ ಸಾರಿಗೆ ಗೌರಮ್ಮನೋರ ಊಟದ ಮನೆಗೇ ಓಗಿ” ಎಂದು ಬಾಯಿ ಚಪ್ಪರಿಸಿ ಹೇಳಿದ್ದರು.

“ನೀವೂ ಇಲ್ಲೇ ಉಂಡ್ರಾ?” ಎಂದೆ.

ಅವರ ಸೂಜಿ ನಿಲ್ಲಲಿಲ್ಲ. “ಒಳ್ಗೆ ನಮ್ಗೆಲ್ಲಾ ಎಲೆ ಆಕಾಕಿಲ್ಲ ಬುಡಿ. ಇಲ್ಲೇ ಕೂತು, ಉಂಡು ಬರೋರ ಮುಖ ನೋಡ್ತೀನಿ. ಉಪ್ಪು ಕಮ್ಮಿಯಾದ್ರೆ ತುಟಿ ಸವರ್ಕೊಂಡು ಬತ್ತಾರೆ. ಖಾರ ಆದ್ರೆ ಬಂದೇಟ್ಗೆ ಬೀಡಿ ಹಚ್ತಾರೆ.”

ನಾನು ನಕ್ಕು, ಭೇಷ್ ಎಂದು ಆಟಕ್ಕೆ ಹೋದೆ.

ಅವರ ಜಾಣತನವನ್ನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಗೌರಮ್ಮನವರು ನಮ್ಮ ಪೈಕಿಯವರೇ. ನಾನೊಂದು ಮಾತು ಹೇಳಿದ್ದರೆ ಆ ಜಗಲಿಗಾದರೂ ಒಂದು ಎಲೆ ಬರುತ್ತಿತ್ತು ಎಂಬುದು ಹೊಳೆಯಲು ಮಾತ್ರ ನನಗೆ ವರ್ಷಗಳೇ ಬೇಕಾದವು.